ಹೆಣ ಏಳುವ ಬಗೆ

ಹನ್ನೊಂದನೆಯ ಸಲವೂ ಹೆಣ ಸರಿಯಾಗಿ ಏಳಲಿಲ್ಲ.

"ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಹಾಗೆ ಏಳ್ತೀಯಲ್ಲಪ್ಪಾ," ಎಂದು ನಿರ್ದೇಶಕ ಹಣೆ ಚಚ್ಚಿಕೊಂಡ. ತಯಾರಾಗುತ್ತಿದ್ದದ್ದು ಕಂಪ್ಯೂಟರ್ ಆಟವೊಂದರ ನಾಲ್ಕನೆಯ ಭಾಗ. ಮೊದಲ ಮೂರರಲ್ಲೂ ಈ ಜೋಂಬಿ, ಅಂದರೆ ಸತ್ತರೂ ಎದ್ದು ಓಡಾಡುವ ಹೆಣ, ಇದ್ದ. ಕತ್ತಿಯಿಂದ ಕಡಿದರೆ ಬೀಳುತ್ತಾನೆ, ಕೊಂಚ ಹೊತ್ತಿಗೆ ಮತ್ತೆ ಏಳುತ್ತಾನೆ. ಈ ಸಲ ಅವನು ಏಳುವುದು ನಿಜವೆನಿಸಬೇಕಿತ್ತು. ಅದಕ್ಕೇ ನಟನಿಗೆ ಮೈತುಂಬ ಬಿಳಿ ಗುಂಡಿ ಅಂಟಿಸಿದ ಕಪ್ಪು ಉಡುಪು ತೊಡಿಸಿ, ಸುತ್ತ ಕ್ಯಾಮೆರಾ ಇಟ್ಟು, ಅವನ ಚಲನೆಯನ್ನೇ ಜೋಂಬಿಗೆ ತುಂಬುವ ಏರ್ಪಾಡು. ನಟನೋ ದಿನಾ ಕಸರತ್ತು ಮಾಡುವ ಗಟ್ಟಿ ಆಳು. ಚಂಗನೆ ಏಳುವುದು ಬಿಟ್ಟರೆ ಬೇರೆ ಗೊತ್ತಿಲ್ಲ, ಪಾಪ.

ಮೂಲೆಯ ಕುರ್ಚಿಯಿಂದ ಯಾರೋ ನಕ್ಕರು. ಈ ಆಟ ರೂಪಿಸುತ್ತಿದ್ದಾಕೆಯ ಅಣ್ಣ. ಮೂವತ್ತು ವರ್ಷ ನಾಟಕದವರಿಗೆ ಕತ್ತಿಕಾಳಗ ಕಲಿಸಿದ ಮೇಷ್ಟ್ರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಭಾಗ ಸೋತಿತ್ತು. ಅಂದಿನಿಂದ ತಂಗಿ ಕೈ ಹಿಡಿಯದೆ ಅವನನ್ನು ಒಂದು ಹೆಜ್ಜೆಯೂ ನಡೆಸಿಲ್ಲ. ನೋಡಿಕೊಳ್ಳುವಾಕೆ ರಜೆ ಹಾಕಿದ್ದಕ್ಕೆ ಇವತ್ತು ಕೆಲಸದ ಜಾಗಕ್ಕೇ ಕರೆತಂದಿದ್ದಳು.

"ಆ ಬಟ್ಟೆ ನನಗೆ ಹಾಕಿ," ಎಂದ ಅಣ್ಣ.

"ಸುಮ್ನಿರಣ್ಣ. ನೀನು ಜೋಂಬಿ ಆಗೋದೇನೂ ಬೇಡ."

"ಹೊಸದಾಗಿ ಬೇರೆ ಆಗಬೇಕಾ? ಎರಡು ವರ್ಷದಿಂದ ಕಾಲು ಎಳ್ಕೊಂಡು ಅದೇ ಕೆಲಸ ತಾನೇ ಮಾಡ್ತಿರೋದು?"

ನಿರ್ದೇಶಕ ನಗಲೋ ಬೇಡವೋ ಎಂದು ತಂಗಿಯ ಮುಖ ನೋಡಿದ. ಅವಳು ನಗುವ ಸ್ಥಿತಿಯಲ್ಲಿರಲಿಲ್ಲ. "ಬಿದ್ರೆ ಏನ್ ಗತಿ? ನಿಂಗೆ ಏಳೋಕಾಗಲ್ಲ."

"ಆಗುತ್ತೋ ಇಲ್ವೋ ನಂಗೇ ಗೊತ್ತಿಲ್ಲ ಕಣೇ. ಒಂದ್ಸಲನಾದ್ರೂ ಬೀಳೋಕೆ ಬಿಟ್ಟಿದ್ರೆ ತಾನೇ?"

ಆ ಮಾತು ಅವಳಿಗೆ ನಾಟಿತು. ಉಡುಪು ತೊಡಿಸಿ ಒಂದೊಂದು ಗುಂಡಿಯನ್ನೂ ಅವಳೇ ಸರಿಮಾಡಿದಳು. ನೆಲಕ್ಕೆ ದಪ್ಪ ಹಾಸಿಗೆ ಹಾಕಿಸಿದಳು, ಸಾಲದೆಂದು ಇನ್ನೊಂದು ತರಿಸಿದಳು.

ಅಣ್ಣ ಬಿದ್ದ. ಎಷ್ಟೋ ರಾಜಕುಮಾರರಿಗೆ ಸಾಯುವುದನ್ನು ಕಲಿಸಿದವನಲ್ಲವೇ, ಅಚ್ಚುಕಟ್ಟಾಗಿ ಬಿದ್ದ. ಆಮೇಲೆ ಎಡಗೈ ನೆಲ ತಡವಿತು. ಮೊಣಕೈ ಊರಿ ಅರ್ಧ ಎದ್ದವನು ಪಕ್ಕಕ್ಕೆ ಹೊರಳಿ ಮತ್ತೆ ಕುಸಿದ. ತಂಗಿ ಓಡಿದಳು.

"ಮುಟ್ಟಬೇಡ," ಹಾಸಿಗೆಯಲ್ಲಿ ಮುಖ ಹುದುಗಿಸಿಕೊಂಡೇ ಅಣ್ಣ ಹೇಳಿದ. "ಕ್ಯಾಮೆರಾ ಓಡ್ತಿದೆ."

ಚಾಚಿದ ಕೈಯನ್ನು ಎದೆಗೆ ಅವುಚಿಕೊಂಡು ಅವಳು ಅಲ್ಲೇ ನಿಂತಳು. ಅಣ್ಣ ಎಡ ಮೊಣಕಾಲನ್ನು ಹೊಟ್ಟೆಯಡಿಗೆ ಎಳೆದುಕೊಂಡ. ಸೋತ ಕಾಲನ್ನು ಕೈಯಿಂದ ಎತ್ತಿ ಪಕ್ಕಕ್ಕೆ ಇಟ್ಟ. ಏದುಸಿರು ಬಿಡುತ್ತ ಸ್ವಲ್ಪ ಹೊತ್ತು ಹಾಗೇ ಇದ್ದ. ಸೊಂಟ ಎದ್ದಿತು, ಬೆನ್ನು ಎದ್ದಿತು, ಕೊನೆಗೆ ತಲೆ. ತೂಗಾಡುತ್ತಿದ್ದ, ಆದರೆ ನಿಂತಿದ್ದ. ಯಾರೂ ಹಿಡಿದಿರಲಿಲ್ಲ. ಗಟ್ಟಿ ಆಳು ಆ ಕಡೆ ತಿರುಗಿ ಕಣ್ಣೊರೆಸಿಕೊಂಡ.

"ಇದಪ್ಪಾ ಏಳೋದು ಅಂದ್ರೆ," ಎಂದ ನಿರ್ದೇಶಕ. ಆಮೇಲೆ ಗಡಿಯಾರ ನೋಡಿ ತಲೆ ಕೆರೆದುಕೊಂಡ. "ಆದ್ರೆ ಒಂದೂವರೆ ನಿಮಿಷ ಆಯ್ತು ಮೇಡಂ. ಅಷ್ಟು ಹೊತ್ತಿಗೆ ಆಡೋರು ಇವನನ್ನ ಹತ್ತು ಸಲ ಕಡಿದು ಹಾಕ್ತಾರೆ. ಸ್ವಲ್ಪ ಬೇಗ ಓಡಿಸಿ ಹತ್ತು ಸೆಕೆಂಡಿಗೆ ಇಳಿಸೋಣ್ವಾ?"

ತಂಗಿ ಅಣ್ಣನಿಂದ ಕಣ್ಣು ಕೀಳಲಿಲ್ಲ.

"ಒಂದು ಸೆಕೆಂಡೂ ಕಮ್ಮಿ ಮಾಡೋದು ಬೇಡ. ಇವನು ಎದ್ದು ನಿಲ್ಲೋ ತನಕ ಯಾರ ಕತ್ತೀನೂ ಮೇಲೇಳಬಾರದು, ಆಟದಲ್ಲಿ ಹಾಗಂತ ನಿಯಮ ಹಾಕ್ತೀನಿ. ಆಡೋರು ಕೈ ಕಟ್ಕೊಂಡು ಕಾಯ್ಲಿ. ನಾನು ಕಾಯ್ಲಿಲ್ವಾ?"