ಒಗೆಯದ ಬಟ್ಟೆ

ಗಂಡನ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಹಾಲು, ಪೇಪರ್ ಎಲ್ಲ ಎಂದಿನ ಹೊತ್ತಿಗೇ ಬಂದವು. ನಮ್ಮ ನಾಯಿ ಕಡ್ಲೆ ಮಾತ್ರ ಅನ್ನ ಮುಟ್ಟದೆ ಗೇಟಿನ ಕಡೆ ಮುಖ ಮಾಡಿ ಮಲಗಿತ್ತು. ಮಧ್ಯಾಹ್ನ ಅಣ್ಣ ಬಂದು ನನ್ನನ್ನು ತವರಿಗೆ ಕರೆದೊಯ್ಯುವವನಿದ್ದ. ಕಡ್ಲೆಯನ್ನು ಹಿಡಿದುಕೊಂಡು ಎದುರುಮನೆಗೆ ಹೋದೆ.

"ಬಿಟ್ಟು ಹೋಗು, ನಮಗೇನು ಹೊಸದಾ?" ಅಂದರು ಆಂಟಿ. "ಆದ್ರೆ ನಿನ್ನ ಗಂಡ ಊರಿಗೆ ಹೋಗುವಾಗೆಲ್ಲ ಮೈಮೇಲಿನ ಬನಿಯನ್ ಬಿಚ್ಚಿ ಕೊಟ್ಟು ಹೋಗ್ತಿದ್ದ. ಈ ಮಹಾರಾಜನಿಗೆ ಅದನ್ನ ಹಾಸಿದ್ರೇನೇ ಊಟ, ನಿದ್ದೆ. ಅವನದ್ದು ಏನಾದ್ರೂ ಒಂದು ಕೊಡಮ್ಮ. ಒಗೆದಿರಬಾರದು."

"ಸೂತಕ ಕಳೀತು ಅಂತ ಅತ್ತೆ ಎಲ್ಲಾನೂ ಒಗೆಸಿಬಿಟ್ರು, ಆಂಟಿ. ಹಾಸಿಗೆ, ಹೊದಿಕೆ, ಕರ್ಚೀಫು ಕೂಡ."

"ಒಂದೂ ಉಳಿದಿಲ್ವಾ?"

ಕಡ್ಲೆ ನನ್ನ ಕಾಲು ಮೂಸಿ, ಮತ್ತೆ ನಮ್ಮ ಗೇಟಿನ ಕಡೆಗೇ ತಿರುಗಿತು.

"ಹಾಗಾದ್ರೆ ಇದೂ ಉಳಿಯಲ್ಲ ಕಣೇ," ಅಂದರು ಆಂಟಿ.

ಮನೆಗೆ ಬಂದು ನನ್ನ ದಿಂಬಿನ ಕೆಳಗಿನಿಂದ ಸ್ವೆಟರನ್ನು ತೆಗೆದೆ. ಅತ್ತೆಯ ಕಣ್ಣಿಗೆ ಬೀಳದಂತೆ ಇಟ್ಟುಕೊಂಡಿದ್ದು ಅದೊಂದೇ. ಅದಿಲ್ಲದೆ ನನಗೂ ನಿದ್ದೆ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಅದರಲ್ಲಿ ಮುಖವಿಟ್ಟು ಕೂತಿದ್ದು, ಆಮೇಲೆ ಮಡಿಸಿಕೊಂಡು ಎದುರುಮನೆಗೆ ಹೋಗಿ ಆಂಟಿಯ ಕೈಗಿಟ್ಟೆ.

"ಇದು ನಿಮ್ಮ ಅಂಕಲ್‌ದಲ್ವೇನೇ?" ಅಂದರು.

"ಹೌದು, ಆಂಟಿ. ಆವತ್ತು ಚಳಿ ಅಂತ ಇವರು ನಿಮ್ಮಿಂದಲೇ ಇಸ್ಕೊಂಡಿದ್ದು. ಒಗೆಯದೆ ವಾಪಸ್ ಕೊಡ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ."