ಮೌನಾಚರಣೆಗೆ ಏಳದ ಮುದುಕ

"ಈಗ ನೀವೆಲ್ಲ ಕುಣಿದ್ರಲ್ಲ, ಆ ಹಾಡು ಬರೆದ ಪುಣ್ಯಾತ್ಮನಿಗೆ ಒಂದು ನಿಮಿಷ ಮೌನ!" ಎಂದು ನಿರೂಪಕಿ ಹೇಳಿದ್ದೇ ತಡ, ಸಭಾಂಗಣವೆಲ್ಲ ಎದ್ದು ನಿಂತಿತು. ಹಾಡು ಬರೆದ ಮುದುಕ ಮಾತ್ರ ಕೊನೇ ಸಾಲಿನಲ್ಲಿ ಗುಂಡುಕಲ್ಲಿನಂತೆ ಕೂತಿದ್ದ.

ವೇದಿಕೆಯ ಮೇಲಿದ್ದ ಫೋಟೋ ಅವನದಲ್ಲ, ಹಳೇ ಗ್ರಾಮಫೋನ್ ಕಂಪನಿಯ ಧಣಿಯದು. ರೆಕಾರ್ಡ್ ತಟ್ಟೆಯಲ್ಲಿ ಜಾಗ ಸಾಲದು ಅಂತ ಹಾಡಿನ ಕೊನೇ ಚರಣವನ್ನೂ, ಅದರ ಜೊತೆಗೆ ಇವನ ಹೆಸರನ್ನೂ ಕತ್ತರಿಸಿ ಎಸೆದು, ತನ್ನ ಹೆಸರು ಹಾಕಿಕೊಂಡಿದ್ದ ಮಹಾನುಭಾವ.

"ಏಳ್ರೀ ತಾತ! ಸತ್ತೋರಿಗೆ ಒಂಚೂರು ಮರ್ಯಾದೆ ಬೇಡ್ವಾ?" ಪಕ್ಕದವನು ಗದರಿದ.

ಮುದುಕನಿಗೆ ಮೈಯೆಲ್ಲ ಉರಿದುಹೋಯಿತು. "ಆ ಸತ್ತೋನೇ ನಾನು ಕಣಯ್ಯಾ!" ಎಂದು ಗುಡುಗಿದವನೇ, ಕೂತಲ್ಲಿಂದಲೇ ಆ ಕತ್ತರಿಸಿದ ಚರಣವನ್ನು ಗಂಟಲು ಹರಿಯುವಂತೆ ಹಾಡತೊಡಗಿದ. ನಿಮಿಷ ಮುಗಿಯಿತು. ಕೂರುವ ಧೈರ್ಯ ಒಬ್ಬರಿಗೂ ಬರಲಿಲ್ಲ.