ಹೋಲಿಕೆಗೊಂದು ಬಾಟಲಿ

“ಸುಳ್ಳ ಹೇಳಬ್ಯಾಡ್ರಿ ಮಾಳಸಿದ್ದಣ್ಣ. ಟ್ಯಾಂಕಿನ ಒಳಗ ಇಳದು ತಿಕ್ಕಿಲ್ಲ ನೀವು.”

“ಚಿಂಚಲಿ ಮಾಯವ್ವನ ಆಣಿ ಅಕ್ಕಾರ, ತಿಕ್ಕೇನಿ. ಬಗ್ಗಿ ನೋಡ್ರಿ, ಮಾರಿ ಕಾಣತೈತಿ.”

ಸರಿತಾ ಬಗ್ಗಿದಳು. ಉಕ್ಕಿನ ಒಡಲಲ್ಲಿ ಅವಳ ಮುಖ ಕಾಣುತ್ತಿತ್ತು. ಬರಿ ಹಣೆಯೂ ಕಾಣುತ್ತಿತ್ತು. ಆದರೂ ಅವಳು ನಂಬಲಿಲ್ಲ.

ಏಕಸಂಬಿ ಕಡೆಯ ಆ ಊರಿನ ಹಾಲೆಲ್ಲ ಸಂಘದ ಹಾಲು ಕೇಂದ್ರದ ಈ ಟ್ಯಾಂಕಿನಲ್ಲಿ ಕೂಡಿ, ತಂಪಾಗಿ, ಟ್ಯಾಂಕರಿನಲ್ಲಿ ಡೇರಿಗೆ ಹೋಗುತ್ತಿತ್ತು. ಈಚೆಗೆ ಎರಡು ಸಲ ವಾಪಸು ಬಂದಿತ್ತು. ಕಾಸಿದರೆ ಒಡೆಯುತ್ತಿತ್ತು. ಇನ್ನೊಂದು ಸಲ ಬಂದರೆ ಕೇಂದ್ರಕ್ಕೆ ಬೀಗ ಎಂದು ಡೇರಿಯವರು ಹೇಳಿದ್ದರು. ಅದಕ್ಕೆ ಮೊದಲು ಒಬ್ಬರ ತಲೆದಂಡವಾಗಬೇಕು ಎಂದು ಸಂಘದ ಅಧ್ಯಕ್ಷ ಅಣ್ಣಾಸಾಬ ಹೇಳಿದ್ದ.

ಹಾಲು ಪರೀಕ್ಷಿಸುವುದು ಸರಿತಾಳ ಕೆಲಸ. ಮೊದಲು ಅದು ಅವಳ ಗಂಡ ಸುಮೇಧನದಾಗಿತ್ತು. ನಿಪ್ಪಾಣಿ ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರಾಲಿಗೆ ಅವನ ಬೈಕು ನುಗ್ಗಿತು. ಮೈಕ್ರೋಬಯಾಲಜಿ ಓದಿದವಳೆಂದು ಸಂಘ ಅವಳನ್ನೇ ಕರೆಯಿತು. ಅವನ ಕುರ್ಚಿ, ಅವನ ಬಿಳಿ ಕೋಟು, ಹಿಡಿ ಮುರಿದಾಗ ಅವನು ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೂತು ತಾನೇ ಬೆಸೆದುಕೊಂಡಿದ್ದ, ಹಾಲು ಅಳೆಯುವ ಉಕ್ಕಿನ ಮಾಪು, ಎಲ್ಲವೂ ಅವಳ ಪಾಲಿಗೆ ಬಂದವು. ಕೋಟಿನ ತೋಳನ್ನು ಇವತ್ತಿಗೂ ಮಡಿಚಿಕೊಳ್ಳಬೇಕು. ಹೊಲಿಸಿ ಗಿಡ್ಡ ಮಾಡಲು ಅವಳಿಗೆ ಮನಸ್ಸಾಗಲಿಲ್ಲ.

ಬೆಳಗಿನ ಸಾಲಿನಲ್ಲಿ ರಾಮವ್ವ ಕ್ಯಾನು ಕುಕ್ಕಿದಳು.

“ಇದ ಹಾಲ ನಮ್ಮ ಮನ್ಯಾಗ ಕಾಸಿದ್ರ ಕೆನಿ ಕಟ್ಟತೈತಿ. ಇಲ್ಲಿಗೆ ಬಂದ್ರ ಒಡೀತೈತಿ. ಸುಮೇಧ ಇದ್ದಾಗ ಹಿಂಗ ಇರಲಿಲ್ಲವಾ. ನೀ ಬಂದ ಮ್ಯಾಲ ಸುರು ಆತು.”

“ಕೈಗುಣ ಬೇ, ಕೈಗುಣ!” ಹಿಂದೆ ಯಾರೋ ನಕ್ಕರು.

ಸರಿತಾ ಮಾಪನ್ನು ಕ್ಯಾನಿಗೆ ಇಳಿಬಿಟ್ಟಳು, ಮಾದರಿ ತೆಗೆದಳು, ಮುಂದಿನ ಕ್ಯಾನಿಗೆ ಹೋದಳು. ಬ್ಯಾಕ್ಟೀರಿಯಾಗಳಿಗೆ ಮುತ್ತೈದೆ ಯಾರು, ವಿಧವೆ ಯಾರು ಎಂದು ತಿಳಿಯುವುದಿಲ್ಲ. ಅವಳು ಓದಿದ್ದರಲ್ಲಿ ಇವತ್ತಿಗೂ ಸಮಾಧಾನ ಕೊಡುತ್ತಿದ್ದದ್ದು ಅದೊಂದೇ.

ಸಾಲು ಕರಗಿದ ಮೇಲೆ ಅವಳು ಮಾಳಸಿದ್ದನಿಗೆ ಬಿಡಿಸಿ ಹೇಳಿದಳು. “ಕಣ್ಣಿಗೆ ಕಾಣಂಗಿಲ್ರಿ ಬ್ಯಾಕ್ಟೀರಿಯಾ. ಸಣ್ಣ ಗೀರು, ಒರಟ ಜಾಗಾ ಸಿಕ್ರ ಸಾಕು, ಅಂಟಿಕೊಂಡ ಕುಂದರ್ತಾವ. ಮ್ಯಾಲ ಲೋಳಿ ಹೊದ್ದುಕೋತಾವ. ಸೋಪಿನ ನೀರು ಅದರ ಮ್ಯಾಲ ಹಾದು ಹೋಗತೈತಿ. ದಿನಾ ಹಾಲಿಗೆ ಅಷ್ಟಷ್ಟ ಬಿಡತಾವ. ಬ್ರಶ್ ಹಾಕಿ ಕಿತ್ತು ತಗೀಬೇಕು.”

“ಹಂಗಾರ ಎಲ್ಲಾ ಇನ್ನೊಂದ್ ಸಲ ತಿಕ್ಕತೇನ್ರಿ. ಆ ಮಾಪೂ ಕೊಡ್ರಿ ಇಲ್ಲಿ.”

“ಅದನ್ನ ಮುಟ್ಟಬ್ಯಾಡ್ರಿ.” ದನಿ ಏರಿತು. ಮತ್ತೆ ತಗ್ಗಿಸಿದಳು. “ಅದನ್ನ ನಾನ ತೊಳೀತೇನಿ.”

ದಿನಾ ತಾನೇ ತೊಳೆಯುತ್ತಿದ್ದಳು. ಬಿಸಿನೀರು, ಸೋಪು, ಆಮೇಲೆ ಬೆರಳು. ಮಗುವಿನ ತಲೆ ತೊಳೆದಂತೆ, ಬೆರಳಿನಿಂದಷ್ಟೇ.

ಮರುದಿನ ಟ್ಯಾಂಕಿನ ವಾಲ್ವ್, ಗ್ಯಾಸ್ಕೆಟ್, ಪೈಪಿನ ಬಾಯಿ, ಮುಚ್ಚಳದ ಅಂಚುಗಳನ್ನು ಹತ್ತಿಯ ಕಡ್ಡಿಯಿಂದ ಒರೆಸಿ ನಾಲ್ಕು ಬಾಟಲಿ ತುಂಬಿದಳು. ಕೊಳೆ ಎಷ್ಟಿದೆ ಎಂದು ಅಳೆಯಲು ಪಕ್ಕದಲ್ಲಿ ಸ್ವಚ್ಛವಾದದ್ದೊಂದು ಬೇಕು. ಐದನೆಯ ಬಾಟಲಿಯ ಮೇಲೆ ‘ಹೋಲಿಕೆಗೆ’ ಎಂದು ಬರೆದು, ಐದನ್ನೂ ಚಿಕ್ಕೋಡಿಯ ಪ್ರಯೋಗಾಲಯಕ್ಕೆ ಕಳಿಸಿದಳು.

ಅಣ್ಣಾಸಾಬ ಉತ್ತರಕ್ಕೆ ಕಾಯಲಿಲ್ಲ.

“ಟ್ಯಾಂಕ್ ತೊಳೆಯೋದು ಮಾಳಸಿದ್ದನ ಕೆಲಸ. ತಪ್ಪು ಅವಂದ ಅಂತ ಖಾತ್ರಿ ಐತೇನ್ರಿ?”

ಸರಿತಾ ಟ್ಯಾಂಕಿನ ಕಡೆ ನೋಡಿದಳು. “ಐತ್ರಿ.”

ಮಾಳಸಿದ್ದ ಜಗಳ ಮಾಡಲಿಲ್ಲ. ಗಂಬೂಟು ಕಳಚಿ, ತೊಳೆದು, ಗೋಡೆಗೆ ಒರಗಿಸಿಟ್ಟ. “ಇದ್ದ ಕುರಿ ಮಾರಿ ಈ ಕೆಲಸಕ್ಕ ಬಂದಿದ್ದೆ ಅಕ್ಕಾರ. ಮಗಳು ಬಾಣಂತನಕ್ಕ ಬಂದಾಳ. ಹಾಲ ಕೆಡಿಸಿದಾಂವಗ ಈ ಊರಾಗ ಇನ್ನ ಯಾರ ಕೆಲಸಾ ಕೊಡ್ತಾರ? ಇಚಲಕರಂಜಿಗೆ ಹೋಗ್ತೇನಿ. ಮಗ್ಗದಾಗ ಎಣ್ಣಿ ಬಿಡೋ ಕೆಲಸಾನರ ಸಿಗತೈತೇನೋ.”

ಸರಿತಾ ಕೋಟಿನ ತೋಳು ಮಡಿಚಿಕೊಂಡಳು. ಅವಳಿಗೆ ಏನೂ ಅನ್ನಿಸಲಿಲ್ಲ. ಈಚೆಗೆ ಯಾವುದಕ್ಕೂ ಅನ್ನಿಸುತ್ತಿರಲಿಲ್ಲ.

ಅವನು ಬಸ್ಸು ಹತ್ತಿ ಹೋದ ಮೇಲೂ ಹಾಲು ಒಡೆಯಿತು. ಟ್ಯಾಂಕರು ಮೂರನೆಯ ಸಲ ತಿರುಗಿ ಬಂತು. ಹಾಲನ್ನು ಮೋರಿಗೆ ಬಿಟ್ಟರು. ಊರ ಹೆಂಗಸರು ನೋಡುತ್ತ ನಿಂತರು. ಆಗ ಫೋನು ಬಂತು. ಪ್ರಯೋಗಾಲಯದ ಜಿನ್ನಪ್ಪ.

“ನಿಮ್ಮ ಅಂದಾಜ ಖರೇ ಐತ್ರಿ ಮೇಡಮ್. ಪೊರೆ ಕಟ್ಟೈತಿ. ದಪ್ಪ ಪೊರೆ. ಭಾಳ ದಿನದ್ದು.”

“ವಾಲ್ವಿನಾಗೇನ್ರಿ?”

“ವಾಲ್ವ್ ಸ್ವಚ್ಛ. ಗ್ಯಾಸ್ಕೆಟ್ ಸ್ವಚ್ಛ. ಪೈಪು, ಮುಚ್ಚಳ ಎಲ್ಲಾ ಸ್ವಚ್ಛ. ಯಾರರೀ ತಿಕ್ಕಾಂವ? ನಮ್ಮ ಮನಿಗೂ ಕಳಸ್ರಿ ಒಮ್ಮೆ!” ಜಿನ್ನಪ್ಪ ನಕ್ಕ. “ಐದನೇದರಾಗ ಮಾತ್ರ ತುಂಬೈತಿ. ಮ್ಯಾಲ ಬರೀ ‘ಹೋಲಿಕೆಗೆ’ ಅಂತ ಬರದೀರಿ. ಎಲ್ಲಿಂದ ತಗದ್ರಿ ಅದನ್ನ?”

ಸರಿತಾ ಗೋಡೆಯ ಕಡೆ ತಿರುಗಿದಳು. ಮೊಳೆಗೆ ತೂಗುಹಾಕಿದ್ದ ಮಾಪಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಕೇಂದ್ರದಲ್ಲಿ ಅದಕ್ಕಿಂತ ಸ್ವಚ್ಛವಾದ ಜಾಗ ಇರಲಾರದೆಂದು, ಐದನೆಯದನ್ನು ಅವಳು ಸುಮೇಧನ ಬೆಸುಗೆಯ ಮೇಲಿಂದ ಒರೆಸಿ ತೆಗೆದಿದ್ದಳು.